ಓಡುತ್ತಿರುವ ವಿಎಂನ ಡಿಸ್ಕ್ ನಕಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್, ಸಹಕಾರ ಸಂಘ, ನರ್ಸಿಂಗ್ ಹೋಂ, ಶಾಲೆಗಳಲ್ಲಿ ಈಗ ಒಂದೇ ಟವರ್ ಸರ್ವರ್ ಮೇಲೆ ಎರಡು ಮೂರು ವರ್ಚುವಲ್ ಮಷೀನ್ (ವಿಎಂ, ಅಂದರೆ ಸರ್ವರ್ ಒಳಗೆ ತಂತ್ರಾಂಶದಿಂದ ಓಡುವ ಬೇರೆ ಕಂಪ್ಯೂಟರ್) ಓಡುವುದು ಸಾಮಾನ್ಯ. ಒಂದರಲ್ಲಿ ಲೆಕ್ಕಪತ್ರ, ಇನ್ನೊಂದರಲ್ಲಿ ಡೇಟಾಬೇಸ್, ಮತ್ತೊಂದರಲ್ಲಿ ಹಂಚಿಕೊಂಡ ಫೈಲುಗಳು. ಅವನ್ನು ನಿಲ್ಲಿಸದೆ ಡಿಸ್ಕ್ ನಕಲು ತೆಗೆಯುವ ಬಗ್ಗೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಹೆಚ್ಚಿನ ವಿವರ ಲಿನಕ್ಸ್‌ನ ಕೆವಿಎಂ (ವಿಎಂ ಓಡಿಸುವ ವ್ಯವಸ್ಥೆ) ಮತ್ತು ಲಿಬ್‌ವರ್ಟ್ (ಅದನ್ನು ನಿರ್ವಹಿಸುವ ತಂತ್ರಾಂಶ, "ವರ್ಶ್" ಅದರ ಕಮಾಂಡ್) ಕುರಿತದ್ದು. ಪ್ರಾಕ್ಸ್‌ಮಾಕ್ಸ್, ವಿಎಂವೇರ್‌ನಂಥ ಬೇರೆ ವಿಎಂ ವ್ಯವಸ್ಥೆಗಳ ಬಗ್ಗೆ ಮುಂದೆ ಚುಟುಕಾಗಿ ಇದೆ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಡಿಸ್ಕ್ ಅಂದರೆ ಒಂದು ದೊಡ್ಡ ಫೈಲ್ ತಾನೇ? ಸುಮ್ಮನೆ ಸಿಪಿ (ಫೈಲ್ ನಕಲಿಸುವ ಕಮಾಂಡ್) ಹೊಡೆದರೆ ಏನಾಗುತ್ತದೆ?

ನಕಲು ಆಗುತ್ತದೆ, ಆದರೆ ಅದು ಯಾವ ಹೊತ್ತಿನ ನಕಲೂ ಅಲ್ಲ. 200 ಜಿಬಿ ಫೈಲನ್ನು ಸೆಕೆಂಡಿಗೆ 110 ಎಂಬಿ ವೇಗದಲ್ಲಿ ನಕಲಿಸಲು ಅರ್ಧ ಗಂಟೆ ಬೇಕು. ಬೆಳಿಗ್ಗೆ 10ಕ್ಕೆ ಶುರು ಮಾಡಿದರೆ ನಕಲಿನ ತಲೆ 10 ಗಂಟೆಯದು, ಬಾಲ 10:30ರದು. ಈ ನಡುವೆ ಒಳಗೆ ಯಾರೋ ಒಂದು ಬಿಲ್ ನಮೂದಿಸಿದರು ಎಂದುಕೊಳ್ಳಿ. ಆ ಬಿಲ್ಲಿನ ವಿವರ ಬಾಲದ ಕಡೆ ಬಿದ್ದಿದ್ದರೆ ನಕಲಿನಲ್ಲಿ ಸೇರುತ್ತದೆ; ಅದು ಎಲ್ಲಿದೆ ಎಂದು ಹೇಳುವ ಇಂಡೆಕ್ಸ್ ತಲೆಯ ಕಡೆ ಇದ್ದರೆ ಹಳೆಯದೇ ಉಳಿಯುತ್ತದೆ.

ಕ್ಯೂಕೌ2 (ವಿಎಂ ಡಿಸ್ಕಿನ ಒಂದು ಫೈಲ್ ರೂಪ) ಫೈಲಾದರೆ ಇನ್ನೊಂದು ಪದರದ ತೊಂದರೆ ಇದೆ. ಯಾವ ಬ್ಲಾಕ್ ಫೈಲಿನಲ್ಲಿ ಎಲ್ಲಿದೆ ಎಂಬ ಪಟ್ಟಿಯನ್ನು ಕ್ಯೂಕೌ2 ತನ್ನೊಳಗೇ ಇಟ್ಟುಕೊಂಡಿರುತ್ತದೆ, ಆ ಪಟ್ಟಿಯೂ ಓಡುತ್ತಿರುವಾಗ ಬದಲಾಗುತ್ತಿರುತ್ತದೆ. ಪಟ್ಟಿ ಹಳೆಯದು, ಬ್ಲಾಕ್ ಹೊಸದು ಆಯಿತೆಂದರೆ ಕಡತವ್ಯವಸ್ಥೆಗೆ (ಫೈಲ್ ಸಿಸ್ಟಂ) ಮುಂಚೆ ಡಿಸ್ಕ್ ಫೈಲೇ ಕೆಡುತ್ತದೆ. ಕಚ್ಚಾ, ಅಂದರೆ ರಾ ರೂಪದ ಡಿಸ್ಕಿಗೆ ಈ ಎರಡನೆಯ ತೊಂದರೆ ಇಲ್ಲ, ಮೊದಲನೆಯದು ಇದ್ದೇ ಇದೆ.

ಇಂಥ ನಕಲು ಎಷ್ಟೋ ಸಲ ಬೂಟ್ ಆಗುತ್ತದೆ, ಲಾಗಿನ್ ಪರದೆಯೂ ಬರುತ್ತದೆ. ಕೆಟ್ಟಿರುವುದು ಗೊತ್ತಾಗುವುದು ಮಾರ್ಚ್ ತಿಂಗಳಲ್ಲಿ ಹಳೆಯ ರಿಪೋರ್ಟ್ ತೆಗೆಯುವಾಗ. ಬೂಟ್ ಆಗದೇ ಹೋಗಿದ್ದರೇ ಒಳ್ಳೆಯದಿತ್ತು.

ಕರೆಂಟ್ ಹೋದಾಗಲೂ ಎಲ್ಲ ಅರ್ಧಕ್ಕೇ ನಿಲ್ಲುತ್ತದಲ್ಲ? ಆದರೂ ಮಷೀನ್ ಎದ್ದು ಬರುತ್ತದೆ. ಇದೂ ಅದೇ ತಾನೇ?

ಅಲ್ಲ. ಕರೆಂಟ್ ಹೋದಾಗ ಇಡೀ ಡಿಸ್ಕ್ ಒಂದೇ ಕ್ಷಣದಲ್ಲಿ ನಿಲ್ಲುತ್ತದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಎನ್‌ಟಿಎಫ್‌ಎಸ್‌ಗಳ ಜರ್ನಲ್ ಇರುವುದೇ ಅಂಥ ಕ್ಷಣಕ್ಕೆ: ಮುಗಿದದ್ದನ್ನು ಉಳಿಸಿ, ಮುಗಿಯದ್ದನ್ನು ಬಿಟ್ಟು ಎದ್ದು ನಿಲ್ಲುತ್ತವೆ. ಸಿಪಿ ಹೊಡೆದ ನಕಲಿನಲ್ಲಿ ಜರ್ನಲ್ ಒಂದು ಹೊತ್ತಿನದು, ಡೇಟಾ ಇನ್ನೊಂದು ಹೊತ್ತಿನದು. ಹಾಗಾಗಿ ಜರ್ನಲ್ ಓದಿ ಸರಿಪಡಿಸಲು ಹೋದರೆ ಸರಿ ಇದ್ದದ್ದೂ ಕೆಡಬಹುದು.

ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡಿಸ್ಕ್ ಸ್ಥಿತಿಯನ್ನು ಹಿಡಿದಿಡುವುದು) ಮೂಲಕ ತೆಗೆದ ನಕಲು ಕನಿಷ್ಠ ಪಕ್ಷ "ಆ ಕ್ಷಣದಲ್ಲಿ ಕರೆಂಟ್ ಹೋದ" ಸ್ಥಿತಿಯದಾಗಿರುತ್ತದೆ. ಗೆಸ್ಟ್ ಏಜೆಂಟ್ (ವಿಎಂ ಒಳಗೆ ಓಡುವ ಸಹಾಯಕ ಪ್ರೋಗ್ರಾಂ) ಜೊತೆ ತೆಗೆದರೆ ಕಡತವ್ಯವಸ್ಥೆ ಸ್ವಚ್ಛವಾಗಿರುತ್ತದೆ. ಡೇಟಾಬೇಸಿಗೂ ಹೇಳಿ ತೆಗೆದರೆ ಅದೂ ಸ್ವಚ್ಛ. ನಿಮಗೆ ಈ ಮೂರರಲ್ಲಿ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಹಾಗಾದರೆ ಕೆವಿಎಂನಲ್ಲಿ ಸರಿಯಾದ ಕ್ರಮ ಏನು?

ಬರಹಗಳನ್ನೆಲ್ಲ ಸ್ವಲ್ಪ ಹೊತ್ತು ಬೇರೊಂದು ಫೈಲಿಗೆ (ಓವರ್‌ಲೇ) ತಿರುಗಿಸುವುದು, ಅಲುಗಾಡದೆ ನಿಂತ ಮೂಲ ಫೈಲನ್ನು ನಕಲಿಸುವುದು, ಆಮೇಲೆ ತಿರುಗಿಸಿದ್ದನ್ನು ಮೂಲಕ್ಕೆ ಸೇರಿಸುವುದು. ವಿಎಂ ಹೆಸರು "ಲೆಕ್ಕ", ಡಿಸ್ಕ್ "ವಿಡಿಎ" ಎಂದಿಟ್ಟುಕೊಳ್ಳೋಣ.

1. "ವರ್ಶ್ ಡಾಮ್‌ಬ್ಲಾಕ್‌ಲಿಸ್ಟ್ ಲೆಕ್ಕ" ಹೊಡೆದು ವಿಡಿಎ ಯಾವ ಫೈಲ್ ಮೇಲೆ ಓಡುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಅಲ್ಲಿ ಈಗಾಗಲೇ ಓವರ್‌ಲೇ ಫೈಲಿನ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ. ನಿನ್ನೆಯ ಸೇರ್ಪಡೆ ಮುಗಿದಿಲ್ಲ ಎಂದರ್ಥ. ಮೊದಲು ಅದನ್ನು ಮುಗಿಸಿ.

2. "ವರ್ಶ್ ಡಂಪ್‌ಎಕ್ಸ್‌ಎಂಎಲ್" ಅನ್ನು "ಇನ್‌ಆ್ಯಕ್ಟಿವ್" ಆಯ್ಕೆಯೊಂದಿಗೆ ಓಡಿಸಿ, ಬಂದದ್ದನ್ನು (ವಿಎಂನ ವ್ಯಾಖ್ಯೆ ಇರುವ ಎಕ್ಸ್‌ಎಂಎಲ್) ನಕಲಿನ ಜೊತೆ ಇಡಿ. ಸ್ನ್ಯಾಪ್‌ಶಾಟ್‌ಗೆ ಮುಂಚೆಯೇ ಇದನ್ನು ಮಾಡಬೇಕು, ನಂತರ ಮಾಡಿದರೆ ಅದರಲ್ಲಿ ಓವರ್‌ಲೇ ಹೆಸರು ಸೇರಿಕೊಳ್ಳುತ್ತದೆ.

3. "ವರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆ್ಯಸ್ ಲೆಕ್ಕ ತಾತ್ಕಾಲಿಕ", ಜೊತೆಗೆ "ಡಿಸ್ಕ್-ಓನ್ಲಿ", "ಅಟಾಮಿಕ್", "ಕ್ವೈಎಸ್", "ನೋ-ಮೆಟಾಡೇಟಾ" ಆಯ್ಕೆಗಳು. ಮೂಲ ಫೈಲಿನ ಪಕ್ಕದಲ್ಲೇ, ಬಾಲಕ್ಕೆ ಸ್ನ್ಯಾಪ್‌ಶಾಟ್ ಹೆಸರು ಅಂಟಿಸಿಕೊಂಡ ಹೊಸ ಫೈಲ್ ಹುಟ್ಟುತ್ತದೆ. ಡಿಸ್ಕ್ ಎರಡಿದ್ದರೆ ಎರಡೂ ಒಂದೇ ಕಮಾಂಡಿನಲ್ಲಿ ಹೋಗಬೇಕು, ಇಲ್ಲದಿದ್ದರೆ ಅವುಗಳ ಕ್ಷಣ ಬೇರೆ ಬೇರೆಯಾಗುತ್ತದೆ. ಬೇಡದ ಡಿಸ್ಕ್ ಇದ್ದರೆ "ಡಿಸ್ಕ್‌ಸ್ಪೆಕ್" ಆಯ್ಕೆಯಲ್ಲಿ ಅದಕ್ಕೆ "ಸ್ನ್ಯಾಪ್‌ಶಾಟ್=ನೋ" ಎಂದು ಕೊಡಿ.

4. ಮತ್ತೆ ಡಾಮ್‌ಬ್ಲಾಕ್‌ಲಿಸ್ಟ್. ಈಗ ಹೊಸ ಫೈಲಿನ ಹೆಸರು ಕಾಣಬೇಕು.

5. ಮೂಲ ಫೈಲನ್ನು "ಕ್ಯೂಎಂಯು-ಇಮೇಜ್ ಕನ್ವರ್ಟ್"ನಿಂದಲೋ, "ಸ್ಪಾರ್ಸ್=ಆಲ್ವೇಸ್" ಆಯ್ಕೆಯ ಸಿಪಿಯಿಂದಲೋ ನಕಲಿಸಿ.

6. "ವರ್ಶ್ ಬ್ಲಾಕ್‌ಕಮಿಟ್ ಲೆಕ್ಕ ವಿಡಿಎ", ಜೊತೆಗೆ "ಆ್ಯಕ್ಟಿವ್", "ಪಿವಟ್", "ವರ್ಬೋಸ್". ಪ್ರತಿ ಡಿಸ್ಕಿಗೂ ಬೇರೆ ಬೇರೆಯಾಗಿ ಮಾಡಬೇಕು. ಒಂದು ಟೆಂಪ್ಲೇಟಿನ ಮೇಲೆ ಕಟ್ಟಿದ ವಿಎಂ ಆಗಿದ್ದರೆ "ಶ್ಯಾಲೋ" ಆಯ್ಕೆ ಮರೆಯಬೇಡಿ. ಮರೆತರೆ ಎಲ್ಲವೂ ಸರಪಳಿಯ ತಳದ ಟೆಂಪ್ಲೇಟಿಗೇ ಹೋಗಿ ಸೇರುತ್ತದೆ, ಅದೇ ಟೆಂಪ್ಲೇಟ್ ನಂಬಿದ ಉಳಿದ ವಿಎಂಗಳೂ ಕೆಡುತ್ತವೆ.

7. ಮೂರನೆಯ ಸಲ ಡಾಮ್‌ಬ್ಲಾಕ್‌ಲಿಸ್ಟ್. ಮೂಲ ಫೈಲಿನ ಹೆಸರು ಮರಳಿ ಬಂದಿದ್ದರೆ ಮಾತ್ರ ಓವರ್‌ಲೇ ಅಳಿಸಿ.

ಸ್ಕ್ರಿಪ್ಟ್ ಬರೆಯುವವರು 1, 4, 7ನೇ ಹಂತದ ಪರೀಕ್ಷೆಗಳನ್ನು ಬಿಟ್ಟುಬಿಡುತ್ತಾರೆ. ಈ ಕೆಲಸದಲ್ಲಿ ಡೇಟಾ ಹೋಗುವುದು ಹೆಚ್ಚಾಗಿ ಅಲ್ಲೇ. ಬ್ಲಾಕ್‌ಕಮಿಟ್ ಸೋತರೂ ಮುಂದಿನ ಸಾಲಿನ ಆರ್‌ಎಂ (ಫೈಲ್ ಅಳಿಸುವ ಕಮಾಂಡ್) ಓಡುವ ಸ್ಕ್ರಿಪ್ಟ್ ಇಟ್ಟುಕೊಳ್ಳುವುದಕ್ಕಿಂತ ಬ್ಯಾಕಪ್ ಇಲ್ಲದಿರುವುದು ಮೇಲು.

ಗೆಸ್ಟ್ ಏಜೆಂಟ್ ಬೇಕೇಬೇಕೇ?

ಹಾಕಿಕೊಳ್ಳಿ. ಲಿನಕ್ಸ್ ವಿಎಂ ಒಳಗೆ "ಕ್ಯೂಎಂಯು-ಗೆಸ್ಟ್-ಏಜೆಂಟ್" ಪ್ಯಾಕೇಜ್, ವಿಂಡೋಸ್ ಒಳಗಾದರೆ ವರ್ಟಿಯೋ-ವಿನ್ ಐಎಸ್‌ಒದಲ್ಲಿರುವ ಇನ್‌ಸ್ಟಾಲರ್. ಹೊರಗಡೆ, ವಿಎಂನ ಎಕ್ಸ್‌ಎಂಎಲ್‌ನಲ್ಲಿ ಏಜೆಂಟ್‌ಗೆಂದು ಒಂದು ಚಾನೆಲ್ ಇರಬೇಕು. ಎರಡೂ ಸರಿ ಇದ್ದರೆ "ವರ್ಶ್ ಡಾಮ್‌ಎಫ್‌ಎಸ್‌ಇನ್ಫೋ ಲೆಕ್ಕ" ಒಳಗಿನ ಡ್ರೈವುಗಳ ಪಟ್ಟಿ ಕೊಡುತ್ತದೆ. ಏಜೆಂಟ್ ಮಾತಾಡದಿದ್ದರೆ "ಕ್ವೈಎಸ್" ಇರುವ ಸ್ನ್ಯಾಪ್‌ಶಾಟ್ ಕಮಾಂಡ್ ಸೋಲುತ್ತದೆ. ಆಗ ಆ ಆಯ್ಕೆ ತೆಗೆದುಹಾಕಿ ಮುಂದೆ ಹೋಗುವ ಬದಲು ಏಜೆಂಟ್ ಯಾಕೆ ಸತ್ತಿದೆ ಎಂದು ನೋಡಿ.

"ಡಾಮ್‌ಎಫ್‌ಎಸ್‌ಫ್ರೀಜ್" ಹೊಡೆದು, ಇಡೀ ಡಿಸ್ಕ್ ನಕಲಿಸಿ, ಆಮೇಲೆ "ಥಾ" (ಫ್ರೀಜ್ ಬಿಡಿಸುವುದು) ಮಾಡುವ ಉಪಾಯ ಬೇಡ. ಫ್ರೀಜ್ ಇರಬೇಕಾದದ್ದು ಸ್ನ್ಯಾಪ್‌ಶಾಟ್ ತೆಗೆಯುವ ಒಂದೆರಡು ಸೆಕೆಂಡು ಮಾತ್ರ. ಅಷ್ಟೂ ಹೊತ್ತು ಒಳಗೆ ಯಾವ ಬರಹವೂ ಮುಂದೆ ಹೋಗುವುದಿಲ್ಲ. ಕೆಲಸ ಮಾಡುವವರಿಗೆ ಮಷೀನ್ ಹ್ಯಾಂಗ್ ಆದಂತೆ ಕಾಣುತ್ತದೆ. ವಿಂಡೋಸ್‌ನ ವಿಎಸ್‌ಎಸ್ (ಅದರ ಸ್ನ್ಯಾಪ್‌ಶಾಟ್ ಸೇವೆ) ಅಂತೂ ಸುಮಾರು 10 ಸೆಕೆಂಡಿಗಿಂತ ಹೆಚ್ಚು ಬರಹ ತಡೆದಿಡುವುದೇ ಇಲ್ಲ.

ಓವರ್‌ಲೇಗೆ ಎಷ್ಟು ಜಾಗ ಖಾಲಿ ಇರಬೇಕು?

ಹುಟ್ಟುವಾಗ ಕೆಲವು ನೂರು ಕೆಬಿ. ಆಮೇಲೆ ಒಳಗಿನ ಬರಹಕ್ಕೆ ತಕ್ಕಂತೆ ಬೆಳೆಯುತ್ತದೆ, ಬರೆದದ್ದಕ್ಕಿಂತ ಹೆಚ್ಚೇ. ಕ್ಯೂಕೌ2ನ ಸಾಮಾನ್ಯ ಕ್ಲಸ್ಟರ್ 64 ಕೆಬಿ. ಡೇಟಾಬೇಸ್ 4 ಕೆಬಿ ಬರೆದರೂ ಹೊಸ ಜಾಗದಲ್ಲಿ 64 ಕೆಬಿ ಹಿಡಿಯುತ್ತದೆ. ಮಾಮೂಲಿ ಕಚೇರಿ ಕೆಲಸದ ವಿಎಂಗೆ ಡಿಸ್ಕ್ ಗಾತ್ರದ 15–20% ಖಾಲಿ ಇದ್ದರೆ ನೆಮ್ಮದಿ. ಅದೇ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಅಥವಾ ಡಿಫ್ರ್ಯಾಗ್ ಶುರುವಾದರೆ ಈ ಲೆಕ್ಕ ನಡೆಯುವುದಿಲ್ಲ. ಅವುಗಳ ವೇಳಾಪಟ್ಟಿ ಬೇರೆ ರಾತ್ರಿಗೆ ಹಾಕಿ.

ಜಾಗ ಪೂರ್ತಿ ತುಂಬಿದರೆ ಲಿಬ್‌ವರ್ಟ್ ವಿಎಂ ಅನ್ನು ಪಾಸ್ (ತಾತ್ಕಾಲಿಕ ನಿಲುಗಡೆ) ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ಗಾಬರಿಯಾಗಿ ರೀಸೆಟ್ ಮಾಡಬೇಡಿ. "ವರ್ಶ್ ಡಾಮ್‌ಬ್ಲಾಕ್‌ಎರರ್" ನೋಡಿ, ಬೇರೆ ಹಳೆಯ ಫೈಲ್ ಅಳಿಸಿ ಜಾಗ ಮಾಡಿ, "ವರ್ಶ್ ರೆಸ್ಯೂಮ್" ಕೊಡಿ. ನಿಂತಲ್ಲಿಂದಲೇ ಮುಂದುವರಿಯುತ್ತದೆ.

ನಕಲು ನಡೆಯುವಾಗಲೇ ಕರೆಂಟ್ ಹೋಗಿ ಸರ್ವರ್ ಆಫ್ ಆದರೆ?

ಮುಂಗಾರಿನಲ್ಲಿ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಲೈನ್ ಮೇಲೆ ಮರ ಬೀಳುವುದು ಹೊಸದಲ್ಲ. ಹಾಗಾಗಿ ಇದನ್ನು ಬಿಡಿಸಿಯೇ ಹೇಳಬೇಕು.

5ನೇ ಹಂತದಲ್ಲಿ, ಅಂದರೆ ನಕಲಾಗುತ್ತಿರುವಾಗ ಹೋದರೆ: ಅರ್ಧ ನಕಲನ್ನು ಬಿಸಾಡಿ. ಸ್ನ್ಯಾಪ್‌ಶಾಟ್ ತೆಗೆದಾಗಲೇ ಲಿಬ್‌ವರ್ಟ್ ತನ್ನ ಶಾಶ್ವತ ವ್ಯಾಖ್ಯೆಯಲ್ಲೂ ಓವರ್‌ಲೇ ಹೆಸರು ಬರೆದುಕೊಂಡಿರುತ್ತದೆ. ಸರ್ವರ್ ಎದ್ದ ಮೇಲೆ ವಿಎಂ ಓವರ್‌ಲೇ ಮೇಲೆಯೇ ಬೂಟ್ ಆಗುತ್ತದೆ. ಡೇಟಾ ಎಲ್ಲೂ ಹೋಗಿಲ್ಲ, ಎರಡು ಫೈಲಿನಲ್ಲಿ ಹಂಚಿಕೊಂಡಿದೆ ಅಷ್ಟೆ. ಬ್ಲಾಕ್‌ಕಮಿಟ್ ಓಡಿಸಿ.

6ನೇ ಹಂತದಲ್ಲಿ, ಸೇರಿಸುತ್ತಿರುವಾಗ ಹೋದರೆ: ಮೂಲ ಫೈಲ್ ಅರ್ಧ ಹೊಸದು, ಅರ್ಧ ಹಳೆಯದು. ಅದನ್ನು ಒಂಟಿಯಾಗಿ ಬೂಟ್ ಮಾಡಲೇಬಾರದು. ಆದರೆ ಓವರ್‌ಲೇ ಇನ್ನೂ ಪೂರ್ತಿ ಇದೆ, ಅದು ಮೇಲಿರುವವರೆಗೆ ಒಟ್ಟು ಚಿತ್ರ ಸರಿಯಾಗಿಯೇ ಕಾಣುತ್ತದೆ. ವಿಎಂ ಅನ್ನು ಓವರ್‌ಲೇ ಮೇಲೆಯೇ ಎಬ್ಬಿಸಿ, ಬ್ಲಾಕ್‌ಕಮಿಟ್ ಮತ್ತೆ ಮೊದಲಿಂದ ಓಡಿಸಿ. ನೀವು ಆಗಲೇ ತೆಗೆದಿಟ್ಟ ನಕಲಿಗೆ ಇದರಿಂದ ಏನೂ ಆಗುವುದಿಲ್ಲ.

ಎರಡೂ ಸಂದರ್ಭದಲ್ಲಿ ಅನಾಹುತ ಮಾಡುವುದು ಕರೆಂಟ್ ಅಲ್ಲ, ಬೆಳಿಗ್ಗೆ ಬಂದವರು. "ಇದೇನೋ ಹೆಚ್ಚುವರಿ ಫೈಲ್" ಎಂದು ಓವರ್‌ಲೇ ಅಳಿಸುತ್ತಾರೆ, ಇಲ್ಲವೇ ಎಕ್ಸ್‌ಎಂಎಲ್ ತಿದ್ದಿ ಮೂಲ ಫೈಲಿನಿಂದ ಬೂಟ್ ಮಾಡುತ್ತಾರೆ. ಮೂಲದ ಮೇಲೆ ಒಂದು ಸಲ ಬರೆದರೆ ಆಮೇಲೆ ಓವರ್‌ಲೇ ಅದಕ್ಕೆ ಹೊಂದುವುದೇ ಇಲ್ಲ. ಅನುಮಾನ ಬಂದಾಗ "ಕ್ಯೂಎಂಯು-ಇಮೇಜ್ ಇನ್ಫೋ" ಅನ್ನು "ಬ್ಯಾಕಿಂಗ್-ಚೈನ್" ಆಯ್ಕೆಯೊಂದಿಗೆ ನೋಡಿ. ಯಾವುದರ ಮೇಲೆ ಯಾವುದು ನಿಂತಿದೆ ಎಂದು ತೋರಿಸುತ್ತದೆ. ವಿಎಂ ಓಡುತ್ತಿದ್ದರೆ ಇದಕ್ಕೆ ದೊಡ್ಡಕ್ಷರದ "ಯು" ಆಯ್ಕೆಯನ್ನೂ ಸೇರಿಸಬೇಕು.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಯುಪಿಎಸ್ ಕೇಳಿ. ನಟ್ (ಯುಪಿಎಸ್ ಗಮನಿಸುವ ತಂತ್ರಾಂಶ) ಹಾಕಿಕೊಂಡಿದ್ದರೆ "ಯುಪಿಎಸ್‌ಸಿ" ಕಮಾಂಡು ಯುಪಿಎಸ್ ಕರೆಂಟ್ ಲೈನ್ ಮೇಲಿದೆಯೋ ಬ್ಯಾಟರಿ ಮೇಲಿದೆಯೋ ಹೇಳುತ್ತದೆ. ಬ್ಯಾಟರಿ ಮೇಲಿದ್ದರೆ ಆ ರಾತ್ರಿ ಬ್ಯಾಕಪ್ ಬೇಡ.

ಓವರ್‌ಲೇ, ಸೇರ್ಪಡೆ ಯಾವುದೂ ಇಲ್ಲದ ದಾರಿ ಇಲ್ಲವೇ?

ಇದೆ, ಹೊಸ ಲಿಬ್‌ವರ್ಟ್‌ನಲ್ಲಿ "ವರ್ಶ್ ಬ್ಯಾಕಪ್-ಬಿಗಿನ್". ವಿಎಂ ಒಂದು ಬ್ಲಾಕಿನ ಮೇಲೆ ಬರೆಯಲು ಹೊರಟಾಗ ಕ್ಯೂಎಂಯು (ವಿಎಂ ಓಡಿಸುವ ಪ್ರೋಗ್ರಾಂ) ಮೊದಲು ಆ ಬ್ಲಾಕಿನ ಹಳೆಯ ರೂಪವನ್ನು ಬ್ಯಾಕಪ್ ಫೈಲಿಗೆ ಸಾಗಿಸಿ, ಆಮೇಲೆ ಬರೆಯಲು ಬಿಡುತ್ತದೆ. ಬ್ಯಾಕಪ್ ಶುರುವಾದ ಕ್ಷಣದ ಚಿತ್ರ ಹಾಗೇ ಸಿಗುತ್ತದೆ, ನಂತರ ಸೇರಿಸುವ ಗೋಜಿಲ್ಲ. ಪ್ರಗತಿ ನೋಡಲು "ಡಾಮ್‌ಜಾಬ್‌ಇನ್ಫೋ", ನಿಲ್ಲಿಸಲು "ಡಾಮ್‌ಜಾಬ್‌ಅಬಾರ್ಟ್". ಹೊಸದಾಗಿ ಶುರು ಮಾಡುವವರಿಗೆ ನಮ್ಮ ಶಿಫಾರಸು ಇದೇ.

ಎರಡು ಷರತ್ತು. ಬ್ಯಾಕಪ್ ಬೀಳುವ ಜಾಗ ನಿಧಾನವಾಗಿದ್ದರೆ ವಿಎಂ ಕೂಡ ನಿಧಾನವಾಗುತ್ತದೆ, ಏಕೆಂದರೆ ಪ್ರತಿ ಹೊಸ ಬರಹವೂ ಹಳೆಯದು ದಾಟುವವರೆಗೆ ಕಾಯಬೇಕು. ಯುಎಸ್‌ಬಿ ಡಿಸ್ಕಿಗೆ ನೇರ ಬಿಡದೆ ಮೊದಲು ಒಳಗಿನ ಡಿಸ್ಕಿಗೆ ಇಳಿಸಿ. ಇನ್ನೊಂದು, ನಡುವೆ ಯಾರಾದರೂ ವಿಎಂ ಶಟ್‌ಡೌನ್ ಮಾಡಿದರೆ ಕೆಲಸ ಅಲ್ಲಿಗೇ ಮುರಿಯುತ್ತದೆ.

ದಿನದಿನದ ಬದಲಾವಣೆ ಮಾತ್ರ ತೆಗೆಯಲು ಚೆಕ್‌ಪಾಯಿಂಟ್ ಮತ್ತು ಡರ್ಟಿ ಬಿಟ್‌ಮ್ಯಾಪ್ (ಬದಲಾದ ಬ್ಲಾಕುಗಳ ಗುರುತುಪಟ್ಟಿ) ಬೇಕು. ಅವು ಉಳಿಯುವುದು ಕ್ಯೂಕೌ2 ಆವೃತ್ತಿ 3ರಲ್ಲಿ ಮಾತ್ರ, ರಾ ಡಿಸ್ಕಿನಲ್ಲಿ ಅಲ್ಲ. ಇದನ್ನೆಲ್ಲ ಕೈಯಲ್ಲಿ ಮಾಡುವ ಬದಲು "ವರ್ಟ್‌ಎನ್‌ಬಿಡಿಬ್ಯಾಕಪ್" ಬಳಸಿ.

"ಬ್ಲಾಕ್‌ಕಾಪಿ" ಬೇರೆಯೇ ಉಪಕರಣ. ಅದು ಕನ್ನಡಿಯ ಹಾಗೆ ಎರಡೂ ಕಡೆ ಬರೆಯುತ್ತ ಹೋಗುತ್ತದೆ. ಸಿಗುವುದು ನೀವು ನಿಲ್ಲಿಸಿದ ಕ್ಷಣದ ನಕಲು. ಹಳೆಯ ಹಾರ್ಡ್ ಡಿಸ್ಕಿನಿಂದ ಹೊಸ ಎಸ್‌ಎಸ್‌ಡಿಗೆ ವಿಎಂ ನಿಲ್ಲಿಸದೆ ಸಾಗಿಸಲು ಅದಕ್ಕೆ ಸಮ ಇಲ್ಲ. ರಾತ್ರಿಯ ಬ್ಯಾಕಪ್‌ಗೆ ಬೇಡ.

ಕ್ಯೂಎಂಯು-ಇಮೇಜ್ "ಲಾಕ್ ಸಿಗಲಿಲ್ಲ" ಎನ್ನುತ್ತದೆ. "ಯು" ಆಯ್ಕೆ ಹಾಕಿದರೆ ಓಡುತ್ತದೆ. ಹಾಕಬಹುದೇ?

ಇನ್ಫೋ ನೋಡಲು ಹಾಕಿ, ನಕಲಿಗೆ ಬೇಡ. 2017ರಲ್ಲಿ ಬಂದ ಕ್ಯೂಎಂಯು 2.10ರಿಂದ ಈ ಬೀಗ ಇದೆ. "ಯು" ಬೀಗವನ್ನು ಕಡೆಗಣಿಸುತ್ತದೆ, ಡೇಟಾ ನಿಲ್ಲಿಸುವುದಿಲ್ಲ. ಮೊದಲ ಪ್ರಶ್ನೆಯ ಸಿಪಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ಓಡುತ್ತಿರುವ ಡಿಸ್ಕಿನ ಮೇಲೆ ಬರೆಯುವ ಯಾವುದೇ ಕ್ಯೂಎಂಯು-ಇಮೇಜ್ ಕೆಲಸ, ಸ್ನ್ಯಾಪ್‌ಶಾಟ್ ಇರಲಿ, ಕಮಿಟ್ ಇರಲಿ, ರೀಸೈಜ್ ಇರಲಿ, ಡಿಸ್ಕನ್ನೇ ಹಾಳುಮಾಡಬಹುದು.

ನಮ್ಮದು ಫೈಲ್ ಅಲ್ಲ, ಎಲ್‌ವಿಎಂ (ಲಿನಕ್ಸ್‌ನ ಡಿಸ್ಕ್ ವಿಭಾಗಿಸುವ ವ್ಯವಸ್ಥೆ) ವಾಲ್ಯೂಮ್.

ಸುಲಭವಾಯಿತು. ಡಾಮ್‌ಎಫ್‌ಎಸ್‌ಫ್ರೀಜ್, "ಎಲ್‌ವಿಕ್ರಿಯೇಟ್" ಸ್ನ್ಯಾಪ್‌ಶಾಟ್, ಡಾಮ್‌ಎಫ್‌ಎಸ್‌ಥಾ: ಮೂರೂ ಸೇರಿ ಒಂದೆರಡು ಸೆಕೆಂಡು. ಸ್ಕ್ರಿಪ್ಟಿನಲ್ಲಿ ಸ್ನ್ಯಾಪ್‌ಶಾಟ್ ಸೋತರೂ ಥಾ ಓಡುವಂತೆ ಬರೆಯಿರಿ. ನಂತರ ಸ್ನ್ಯಾಪ್‌ಶಾಟನ್ನು ಡಿಡಿಯಿಂದ 4 ಎಂಬಿ ಬ್ಲಾಕಿನಲ್ಲಿ, "ಸ್ಪಾರ್ಸ್" ಆಯ್ಕೆಯೊಂದಿಗೆ ನಕಲಿಸಿ, "ಎಲ್‌ವಿರಿಮೂವ್" ಮಾಡಿ. ಸಾದಾ ಸ್ನ್ಯಾಪ್‌ಶಾಟ್‌ಗೆ ಕೊಟ್ಟ ಜಾಗ ತುಂಬಿದರೆ ಅದು ಅಸಿಂಧುವಾಗುತ್ತದೆ. ಮೂಲಕ್ಕೆ ಧಕ್ಕೆ ಇಲ್ಲ, ನಕಲು ಮಾತ್ರ ಹೋಯಿತು. "ಎಲ್‌ವಿಎಸ್" ತೋರಿಸುವ ಡೇಟಾ ಶೇಕಡಾವನ್ನು ನೋಡುತ್ತಿರಿ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಬ್ಯಾಕಪ್ ಹೊತ್ತಿನಲ್ಲಿ ವಿಎಂ ತೆವಳುತ್ತದೆ. ಯಾಕೆ?

ಅಲ್ಲಿನ "ಸ್ನ್ಯಾಪ್‌ಶಾಟ್" ವಿಧಾನ ಸ್ಟೋರೇಜಿನ ಸ್ನ್ಯಾಪ್‌ಶಾಟ್ ಅಲ್ಲ. ಹಳೆಯ ಬ್ಲಾಕ್ ಮೊದಲು ದಾಟಿಸುವ ವಿಧಾನವೇ. ನಿಧಾನದ ಎನ್‌ಎಎಸ್‌ಗೆ ಬ್ಯಾಕಪ್ ಹೋಗುತ್ತಿದ್ದರೆ ವಿಎಂ ಅದರ ವೇಗಕ್ಕೆ ಇಳಿಯುತ್ತದೆ. 8.2 ಆವೃತ್ತಿಯಿಂದ "ಫ್ಲೀಸಿಂಗ್" ಎಂಬ ಆಯ್ಕೆ ಬಂದಿದೆ: ಹಳೆಯ ಬ್ಲಾಕನ್ನು ಹತ್ತಿರದ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಆನ್ ಮಾಡಿ. ವಿಎಂ ಆಯ್ಕೆಗಳಲ್ಲಿ ಗೆಸ್ಟ್ ಏಜೆಂಟ್‌ಗೂ ಟಿಕ್ ಹಾಕಿ.

ವಿಎಂವೇರ್, ಹೈಪರ್-ವಿ, ವರ್ಚುವಲ್‌ಬಾಕ್ಸ್?

ವಿಎಂವೇರ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದು, ಮೂಲ ವಿಎಂಡಿಕೆಯನ್ನು "ವಿಎಂಕೆಎಫ್‌ಎಸ್‌ಟೂಲ್ಸ್"ನಿಂದ ಕ್ಲೋನ್ ಮಾಡಿ, ಸ್ನ್ಯಾಪ್‌ಶಾಟ್ ಅಳಿಸಿ. ಒಂದು ಸ್ನ್ಯಾಪ್‌ಶಾಟ್ 72 ಗಂಟೆ ಮೀರಬಾರದು, ಸರಪಳಿ ಎರಡು ಮೂರಕ್ಕಿಂತ ಉದ್ದವಾಗಬಾರದು ಎಂಬುದು ಆ ಕಂಪನಿಯದೇ ಸಲಹೆ. ಹೈಪರ್-ವಿಯಲ್ಲಿ ವಿಂಡೋಸ್ ಸರ್ವರ್ 2012 ಆರ್2ರಿಂದ ಓಡುವ ವಿಎಂ ಅನ್ನೇ ಎಕ್ಸ್‌ಪೋರ್ಟ್ ಮಾಡಬಹುದು. 2016ರಿಂದ ಬಂದ ಪ್ರೊಡಕ್ಷನ್ ಚೆಕ್‌ಪಾಯಿಂಟ್ ಒಳಗಿನ ವಿಎಸ್‌ಎಸ್ ಬಳಸುತ್ತದೆ. ಎವಿಎಚ್‌ಡಿಎಕ್ಸ್ (ಚೆಕ್‌ಪಾಯಿಂಟಿನ ಓವರ್‌ಲೇ) ಫೈಲನ್ನು ಎಕ್ಸ್‌ಪ್ಲೋರರ್‌ನಿಂದ ಅಳಿಸಬೇಡಿ, ಚೆಕ್‌ಪಾಯಿಂಟನ್ನು ಮ್ಯಾನೇಜರ್‌ನಿಂದ ಅಳಿಸಿ, ಅದು ತಾನೇ ಸೇರಿಸಿಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದು ಆ ಸ್ನ್ಯಾಪ್‌ಶಾಟನ್ನೇ ಕ್ಲೋನ್ ಮಾಡಿ. ಫೈಲ್ ಕಾಪಿ ಮಾಡಿದರೆ ಎರಡು ಡಿಸ್ಕಿಗೂ ಒಂದೇ ಯುಯುಐಡಿ ಬಂದು ಎರಡನೆಯದನ್ನು ಅದು ಒಪ್ಪುವುದಿಲ್ಲ.

ಮೈಎಸ್‌ಕ್ಯೂಎಲ್, ಟ್ಯಾಲಿ ಇರುವ ವಿಎಂಗೆ ಇಷ್ಟು ಸಾಕೇ?

ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಒಂದು ಟೇಬಲ್ ರೂಪ) ಮತ್ತು ಪೋಸ್ಟ್‌ಗ್ರೆಸ್ "ಕರೆಂಟ್ ಹೋದ" ಸ್ಥಿತಿಯಿಂದ ತಾವೇ ಚೇತರಿಸಿಕೊಳ್ಳುತ್ತವೆ, ಡೇಟಾ ಮತ್ತು ಲಾಗ್ ಎರಡೂ ಒಂದೇ ಕ್ಷಣದ್ದಾಗಿದ್ದರೆ. ಲಾಗ್ ಬೇರೆ ಡಿಸ್ಕಿನಲ್ಲಿದ್ದು, ಎರಡನ್ನೂ ಒಂದೇ ಸ್ನ್ಯಾಪ್‌ಶಾಟ್‌ನಲ್ಲಿ ಹಿಡಿಯದಿದ್ದರೆ ಆ ಭರವಸೆ ಇಲ್ಲ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಟೇಬಲ್‌ಗಳಿಗೆ ಈ ಶಕ್ತಿ ಇಲ್ಲ. ಫ್ರೀಜ್ ಹೊತ್ತಿನಲ್ಲಿ ಟೇಬಲ್ ಲಾಕ್ ಮಾಡುವ ಹುಕ್ ಸ್ಕ್ರಿಪ್ಟ್ ಬೇಕು, ಕ್ಯೂಎಂಯು ಜೊತೆ ಅದರ ಮಾದರಿ ಬರುತ್ತದೆ. ವಿಂಡೋಸ್‌ನ ಎಸ್‌ಕ್ಯೂಎಲ್ ಸರ್ವರ್ ವಿಎಸ್‌ಎಸ್ ಮಾತು ಕೇಳುತ್ತದೆ. ಟ್ಯಾಲಿಗೆ ಸಂಜೆ ಎಲ್ಲರೂ ಹೊರಬಂದ ಮೇಲೆ ಅದರದೇ ಬ್ಯಾಕಪ್ ತೆಗೆದು, ನಂತರ ವಿಎಂ ನಕಲು ತೆಗೆಯಿರಿ. ಕೊಯ್ಲಿನ ಕಾಲದಲ್ಲಿ ರಾತ್ರಿ 9ರವರೆಗೂ ತೂಕದ ಚೀಟಿ ನಮೂದಾಗುವ ಕಡೆ ವೇಳೆ ಅದಕ್ಕೆ ತಕ್ಕಂತೆ ಬದಲಿಸಿ.

ಇಡೀ ಡಿಸ್ಕಿನ ನಕಲಿದ್ದರೂ ಡೇಟಾಬೇಸಿನ ಡಂಪ್ ಬೇರೆ ತೆಗೆಯಿರಿ. ಒಂದು ಟೇಬಲ್ ಬೇಕಾದಾಗ 200 ಜಿಬಿ ಎಬ್ಬಿಸುವ ಕೆಲಸ ತಪ್ಪುತ್ತದೆ.

40 ಜಿಬಿ ಇದ್ದ ಫೈಲ್ ಬಾಹ್ಯ ಡಿಸ್ಕಿಗೆ ಹೋದಾಗ 200 ಜಿಬಿ ಆಯಿತು. ಇನ್ನೊಂದು ಡಿಸ್ಕ್ ತೆಗೆದುಕೊಳ್ಳಲೇ ಇಲ್ಲ.

ಮೊದಲನೆಯದು ಎಕ್ಸ್‌ಫ್ಯಾಟ್ ಇರಬೇಕು: ಅದಕ್ಕೆ ಖಾಲಿ ತೂತುಗಳನ್ನು ಹಾಗೇ ಉಳಿಸಲು ಬರುವುದಿಲ್ಲ, ಸೊನ್ನೆ ತುಂಬಿ ಬರೆಯುತ್ತದೆ. ಎರಡನೆಯದು ಫ್ಯಾಟ್32: 4 ಜಿಬಿ ಮೀರಿದ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಇಲ್ಲವೇ ಕ್ಯೂಕೌ2ಗೆ ಕನ್ವರ್ಟ್ ಮಾಡಿ ಎಕ್ಸ್‌ಫ್ಯಾಟ್‌ಗೆ ಹಾಕಿ. ವಿಎಂ ಒಳಗೆ ಆಗಾಗ "ಎಫ್‌ಎಸ್‌ಟ್ರಿಮ್" ಓಡಿಸಿ, ಹೊರಗೆ ಡಿಸ್ಕಿಗೆ "ಡಿಸ್ಕಾರ್ಡ್=ಅನ್‌ಮ್ಯಾಪ್" ಇಟ್ಟರೆ ಅಳಿಸಿದ ಫೈಲಿನ ಜಾಗ ಮರಳಿ ಬರುತ್ತದೆ.

ಕೇಬಲ್ ಕಿತ್ತುವ ಮುಂಚೆ "ಸಿಂಕ್" ಹೊಡೆದು ಅನ್‌ಮೌಂಟ್ ಮಾಡಿ. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದರೆ ಸೆಕೆಂಡಿಗೆ 30–35 ಎಂಬಿ ಅಷ್ಟೇ. 200 ಜಿಬಿಗೆ ಒಂದು ಮುಕ್ಕಾಲು ಗಂಟೆ.

ಊರಾಚೆ ಒಂದು ನಕಲು ಇಡಬೇಕು. ಇಂಟರ್ನೆಟ್‌ನಲ್ಲಿ ಕಳಿಸಬಹುದೇ?

20 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 200 ಜಿಬಿಗೆ 22 ಗಂಟೆ ಬೇಕು. ಅದೇ ಡಿಸ್ಕ್ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಸುಮಾರು 60 ಕಿ.ಮೀ. ದೂರದ ಹಾಸನಕ್ಕೆ ಬೆಳಗಿನ ತಿಂಡಿಯಿಂದ ಊಟದೊಳಗೆ ತಲುಪುತ್ತದೆ. ಮೊದಲ ಪೂರ್ಣ ನಕಲನ್ನು ಕೈಯಲ್ಲಿ ಸಾಗಿಸಿ, ಆಮೇಲೆ ದಿನದ ಬದಲಾವಣೆ ಮಾತ್ರ ಕಳಿಸಿ. 5 ಜಿಬಿಗೆ ಅರ್ಧ ಗಂಟೆ ಚಿಲ್ಲರೆ. ಬೋರ್ಗ್, ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶಗಳು ಇದಕ್ಕೆ ಒಗ್ಗುತ್ತವೆ, ಎನ್‌ಕ್ರಿಪ್ಟ್ ಕೂಡ ಮಾಡುತ್ತವೆ. ಅವಕ್ಕೆ ಕೊಡುವ ಮುಂಚೆ ಕುಗ್ಗಿಸಬೇಡಿ: ಕುಗ್ಗಿಸಿದ ಫೈಲಿನಲ್ಲಿ ನಿನ್ನೆಯದೂ ಇವತ್ತಿನದೂ ಒಂದೇ ಎಂದು ಗುರುತಿಸುವುದು ಅವಕ್ಕೆ ಕಷ್ಟ.

ಕೈಯಲ್ಲಿ ಸಾಗಿಸುವ ಡಿಸ್ಕನ್ನು ಲಕ್ಸ್‌ನಿಂದ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಎನ್‌ಕ್ರಿಪ್ಟ್ ಮಾಡಿ. ಮಲೆನಾಡಿನ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್.

ನಕಲನ್ನು ಮೂಲದ ಪಕ್ಕದಲ್ಲೇ ಓಡಿಸಬಹುದೇ?

ಹಾಗೇ ಓಡಿಸಿದರೆ ಒಂದೇ ಐಪಿ, ಒಂದೇ ಮ್ಯಾಕ್ ಎರಡು ಕಡೆ ಬಂದು ಎರಡೂ ತಡವರಿಸುತ್ತವೆ. ಎಕ್ಸ್‌ಎಂಎಲ್‌ನಲ್ಲಿ ಹೆಸರು, ಯುಯುಐಡಿ, ಮ್ಯಾಕ್ ಬದಲಿಸಿ. ಲಿನಕ್ಸ್ ಆದರೆ "ವರ್ಟ್-ಸಿಸ್‌ಪ್ರೆಪ್" ಮಷೀನ್-ಐಡಿ, ಎಸ್‌ಎಸ್‌ಎಚ್ ಕೀ ತೆಗೆದುಹಾಕುತ್ತದೆ. ಅದನ್ನು ನಕಲಿನ ಮೇಲೆ ಮಾತ್ರ ಓಡಿಸಿ, ಓಡುತ್ತಿರುವ ಮೂಲದ ಮೇಲೆ ಓಡಿಸಿದರೆ ಡಿಸ್ಕ್ ಕೆಡುತ್ತದೆ. ವಿಂಡೋಸ್‌ಗೆ ಸಿಸ್‌ಪ್ರೆಪ್. ಬ್ಯಾಕಪ್‌ಗೆಂದು ತೆಗೆದ ನಕಲಿನಲ್ಲಿ ಮಾತ್ರ ಇವನ್ನೇನೂ ಮುಟ್ಟಬೇಡಿ.

ನಕಲು ಸರಿ ಇದೆ ಎಂದು ತಿಳಿಯುವುದು ಹೇಗೆ?

ಎಸ್‌ಎಚ್‌ಎ256 ಮೊತ್ತ ಹೊಂದಿದರೆ ಸಾಗಣೆ ಸರಿ ಎಂದು ಮಾತ್ರ ಗೊತ್ತಾಗುತ್ತದೆ. "ಕ್ಯೂಎಂಯು-ಇಮೇಜ್ ಚೆಕ್" 0 ಕೊಟ್ಟರೆ ಕ್ಯೂಕೌ2 ಪದರ ಸರಿ, 3 ಕೊಟ್ಟರೆ ಜಾಗ ಸೋರಿದೆ ಅಷ್ಟೆ, 2 ಕೊಟ್ಟರೆ ಕೆಟ್ಟಿದೆ. ಒಳಗಿನ ಲೆಕ್ಕ ಸರಿ ಇದೆಯೇ ಎಂದು ಇವೆರಡೂ ಹೇಳುವುದಿಲ್ಲ.

ನಕಲಿನ ಮೇಲೊಂದು ಓವರ್‌ಲೇ ಹುಟ್ಟಿಸಿ, ನೆಟ್‌ವರ್ಕ್ ಕಾರ್ಡ್ ಇಲ್ಲದ ಪರೀಕ್ಷಾ ವಿಎಂಗೆ ಆ ಓವರ್‌ಲೇ ಕೊಟ್ಟು ಬೂಟ್ ಮಾಡಿ. ನಕಲಿನ ಮೇಲೆ ಒಂದು ಬೈಟ್ ಕೂಡ ಬರೆಯುವುದಿಲ್ಲ. ಒಳಗೆ ಹೋಗಿ ಆ ದಿನದ ಕೊನೆಯ ವೋಚರ್ ಹುಡುಕಿ, ಒಂದು ವರ್ಷದ ಹಿಂದಿನ ರಿಪೋರ್ಟ್ ತೆಗೆಯಿರಿ, ಡೇಟಾಬೇಸಿನ ಲಾಗ್ ಓದಿ. ತಿಂಗಳಿಗೆ ಒಂದು ಸಲವಾದರೂ ಇದನ್ನು ಮಾಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಸರ್ವರ್ ಸುಟ್ಟ ದಿನ ಮಾಲೀಕರು ಕೇಳುವ ಮೊದಲ ಪ್ರಶ್ನೆ ಅದೇ.

ಡಿಸ್ಕ್ ಇದೆ, ಆದರೂ ಹೊಸ ಸರ್ವರಿನಲ್ಲಿ ವಿಂಡೋಸ್ ಏಳುತ್ತಿಲ್ಲ. ಏನು ಬಿಟ್ಟಿದ್ದೇವೆ?

ಯುಇಎಫ್‌ಐ (ಹೊಸ ಬಗೆಯ ಬೂಟ್ ಫರ್ಮ್‌ವೇರ್) ವಿಎಂ ಆಗಿದ್ದರೆ ಅದರ ಬೂಟ್ ಸೆಟ್ಟಿಂಗ್ ಇಡುವ ಎನ್‌ವಿರ‍್ಯಾಮ್ ಫೈಲ್ ಬೇರೆ ಕಡೆ ಇರುತ್ತದೆ: /ವಾರ್/ಲಿಬ್/ಲಿಬ್‌ವರ್ಟ್/ಕ್ಯೂಎಂಯು/ಎನ್‌ವಿರ‍್ಯಾಮ್. ಟಿಪಿಎಂ (ಎನ್‌ಕ್ರಿಪ್ಷನ್ ಕೀ ಕಾಯುವ ಚಿಪ್) ಹಾಕಿದ್ದರೆ /ವಾರ್/ಲಿಬ್/ಲಿಬ್‌ವರ್ಟ್/ಎಸ್‌ಡಬ್ಲ್ಯುಟಿಪಿಎಂ ಒಳಗಿನ ಫೋಲ್ಡರ್ ಕೂಡ ಬೇಕು. ಅದಿಲ್ಲದೆ ಬಿಟ್‌ಲಾಕರ್ ಹಾಕಿದ ಡಿಸ್ಕ್ 48 ಅಂಕಿಯ ರಿಕವರಿ ಕೀ ಕೇಳಿ ಕೂರುತ್ತದೆ. ಈ ಎರಡನ್ನೂ ಎಕ್ಸ್‌ಎಂಎಲ್ ಜೊತೆಗೆ ರಾತ್ರಿಯ ಸ್ಕ್ರಿಪ್ಟಿಗೆ ಸೇರಿಸಿ. ಎಸ್‌ಡಬ್ಲ್ಯುಟಿಪಿಎಂ ಫೋಲ್ಡರಿನ ಹೆಸರು ವಿಎಂನ ಯುಯುಐಡಿಯೇ ಆಗಿರುವುದರಿಂದ, ಹೊಸ ಸರ್ವರಿನಲ್ಲಿ ವ್ಯಾಖ್ಯಾನಿಸುವಾಗ ಹಳೆಯ ಯುಯುಐಡಿಯನ್ನೇ ಉಳಿಸಿಕೊಳ್ಳಿ. ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು, ಸರ್ವರ್ ಇಲ್ಲದ ಕೋಣೆಯಲ್ಲಿಡಿ.